ಆದಾಯ ಹೆಚ್ಚಿದರೆ ಬೇಟೆ ಕಡಿಮೆಯಾಗುತ್ತದೆಯೇ? ಪರ್ಯಾಯ ಜೀವನೋಪಾಯ ಮತ್ತು ಜೀವವೈವಿಧ್ಯದ ಲೆಕ್ಕ

ಪೆಸಿಫಿಕ್ ಸಾಗರದ ಕಿರಿಬಾಟಿ ದ್ವೀಪಗಳಲ್ಲಿ ಬಹುತೇಕ ಮನೆಗಳಿಗೆ ಆದಾಯದ ದಾರಿ ಎರಡೇ: ಮೀನು ಹಿಡಿಯುವುದು, ಕೊಬ್ಬರಿ ಒಣಗಿಸಿ ಮಾರುವುದು. ಹವಳದಿಬ್ಬಗಳ ಮೀನಿನ ಮೇಲೆ ಒತ್ತಡ ಹೆಚ್ಚಾಗಿದ್ದಾಗ ಅಲ್ಲಿನ ಸರ್ಕಾರ ಕೊಬ್ಬರಿಗೆ ಸಹಾಯಧನ ಸೇರಿಸಿ ಹೆಚ್ಚಿನ ದರ ಕೊಟ್ಟಿತು. ತೆಂಗಿನಿಂದಲೇ ಕೈತುಂಬ ಕಾಸು ಬಂದರೆ ಜನ ಬಲೆ ಬದಿಗಿಡುತ್ತಾರೆ ಎಂಬ ನಿರೀಕ್ಷೆ ಅದರ ಹಿಂದಿತ್ತು. ಸಂಶೋಧಕರು ಹೋಗಿ ಅಳೆದು ನೋಡಿದರೆ ಮೀನುಗಾರಿಕೆ ಸುಮಾರು ಮೂರನೇ ಒಂದು ಭಾಗದಷ್ಟು ಏರಿತ್ತು, ದಿಬ್ಬದ ಮೀನು ಇನ್ನಷ್ಟು ಇಳಿದಿತ್ತು. ಕೊಬ್ಬರಿ ದರ ಏರಿದ್ದರಿಂದ ಮನೆ ನಡೆಸುವುದು ಸುಲಭವಾಯಿತು, ಕೈಯಲ್ಲಿ ಬಿಡುವು ಉಳಿಯಿತು. ಆ ಬಿಡುವಿನಲ್ಲಿ ಜನ ತಮಗೆ ಇಷ್ಟವಾದ ಕೆಲಸಕ್ಕೇ ಹೋದರು. ಅವರಿಗೆ ಇಷ್ಟವಾದದ್ದು ಕಡಲಿಗಿಳಿಯುವುದು.

ಪರ್ಯಾಯ ಜೀವನೋಪಾಯ ಎಂಬ ಇಡೀ ಚಿಂತನೆಯ ದುರ್ಬಲ ಕೊಂಡಿ ಇದರಲ್ಲಿ ಕಾಣುತ್ತದೆ. ಬೇಟೆಗಾರನಿಗೆ ಜೇನುಪೆಟ್ಟಿಗೆ, ಸೌದೆ ಕಡಿಯುವವರಿಗೆ ಕೋಳಿ, ಮೀನುಗಾರನಿಗೆ ಕಡಲಕಳೆಯ ಕೃಷಿ ಕೊಟ್ಟರೆ ಹಾನಿಯ ಕೆಲಸ ತಾನಾಗಿ ನಿಲ್ಲುತ್ತದೆ ಎಂದು ದಶಕಗಳಿಂದ ಹಣ ಹರಿದಿದೆ. ಆದರೆ ಒಂದು ಮನೆಗೆ ಹೊಸ ಆದಾಯ ಬರುವುದು ಒಂದು ಘಟನೆ, ಅದೇ ಮನೆ ಹಳೆಯ ಕೆಲಸ ಬಿಡುವುದು ಇನ್ನೊಂದು. ಇವೆರಡನ್ನು ಜೋಡಿಸುವ ಕೊಂಡಿಯನ್ನು ಯಾರಾದರೂ ಕೂತು ಕಟ್ಟಬೇಕು. ಕಟ್ಟದೆ ಹೋದ ಕಡೆ ಪರ್ಯಾಯವೆಂದು ಕೊಟ್ಟದ್ದು ಹೆಚ್ಚುವರಿ ಆದಾಯವಾಗಿ ಉಳಿಯುತ್ತದೆ. ಬಡ ಕುಟುಂಬಕ್ಕೆ ಅದೂ ಒಳ್ಳೆಯದೇ. ಕಾಡಿಗೆ ಮಾತ್ರ ಅದರಿಂದ ಏನೂ ಆಗದೆ ಇರಬಹುದು, ಕೆಲವೊಮ್ಮೆ ನಷ್ಟವೂ ಆಗಬಹುದು.

ದಾಖಲೆ ಹೇಳುವುದೇನು

2012ರಲ್ಲಿ ದಕ್ಷಿಣ ಕೊರಿಯಾದ ಜೆಜುವಿನಲ್ಲಿ ನಡೆದ ವಿಶ್ವ ಸಂರಕ್ಷಣಾ ಸಮ್ಮೇಳನದಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಸದಸ್ಯರು ಇಂಥ ಯೋಜನೆಗಳ ಫಲವನ್ನು ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂದು ನಿರ್ಣಯ ಮಾಡಿದರು. ಅದರ ಬೆನ್ನಿಗೆ 2015ರಲ್ಲಿ ಬಂದ ಸಮೀಕ್ಷೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬರಹಗಳನ್ನು ಜಾಲಿಸಿ 106 ಯೋಜನೆಗಳನ್ನು ಹೆಕ್ಕಿತು. ಸಂರಕ್ಷಣೆಗೆ ಉಪಯೋಗವಾಯಿತೋ ಇಲ್ಲವೋ ಎಂದು ಹೇಳಲು ಬೇಕಾದಷ್ಟು ಅಳತೆ ಇದ್ದದ್ದು ಅವುಗಳಲ್ಲಿ 21ಕ್ಕೆ ಮಾತ್ರ. ಆ 21ರಲ್ಲೂ ಫಲಿತಾಂಶ ಮಿಶ್ರ. ಉಳಿದ ಯೋಜನೆಗಳ ವರದಿಗಳಲ್ಲಿ ಎಷ್ಟು ಜನರಿಗೆ ತರಬೇತಿ ಸಿಕ್ಕಿತು, ಎಷ್ಟು ಪೆಟ್ಟಿಗೆ ಹಂಚಲಾಯಿತು ಎಂಬ ಲೆಕ್ಕ ಸಿಗುತ್ತದೆ. ಪ್ರಾಣಿ, ಮರ, ಮೀನು ಎಷ್ಟು ಉಳಿದವು ಎಂಬುದು ಸಿಗುವುದಿಲ್ಲ.

ಇದಕ್ಕೂ ಹಿಂದೆ, 1990ರ ದಶಕದಲ್ಲಿ, ಬಯೋಡೈವರ್ಸಿಟಿ ಕನ್ಸರ್ವೇಶನ್ ನೆಟ್‌ವರ್ಕ್ ಎಂಬ ಕಾರ್ಯಕ್ರಮ ಏಷ್ಯಾ-ಪೆಸಿಫಿಕ್‌ನ 39 ತಾಣಗಳಲ್ಲಿ ಇದೇ ಪ್ರಶ್ನೆಯನ್ನು ಪ್ರಯೋಗಕ್ಕಿಟ್ಟಿತು: ಜೀವವೈವಿಧ್ಯವನ್ನೇ ಆಧರಿಸಿದ ಉದ್ಯಮ ಕಟ್ಟಿಕೊಟ್ಟರೆ ಸ್ಥಳೀಯರು ಅದನ್ನು ಕಾಯುತ್ತಾರೆಯೇ? ಲೆಕ್ಕ ಸಿಕ್ಕ 37 ಉದ್ಯಮಗಳಲ್ಲಿ 4ಕ್ಕೆ ಆದಾಯವೇ ಇರಲಿಲ್ಲ, 3ಕ್ಕೆ ಹೆಸರಿಗಷ್ಟೇ ಇತ್ತು. 13 ಉದ್ಯಮಗಳು ದಿನನಿತ್ಯದ ಖರ್ಚನ್ನಷ್ಟೇ ತೂಗಿಸಿದವು, 10 ಸ್ಥಿರ ವೆಚ್ಚವನ್ನೂ ಭರಿಸಿದವು, ಲಾಭ ಮಾಡಿದ್ದು 7 ಮಾತ್ರ. ಉದ್ಯಮದ ಗೆಲುವಿಗೂ ಸಂರಕ್ಷಣೆಗೂ ಇದ್ದ ನಂಟು ತೆಳುವಾಗಿತ್ತು. ಉದ್ಯಮದಿಂದ ಸಂರಕ್ಷಣೆ ಸಾಧ್ಯ, ಆದರೆ ಕೆಲವು ಷರತ್ತುಗಳಡಿ ಮಾತ್ರ, ಒಂಟಿಯಾಗಿ ಎಂದಿಗೂ ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ಅಧ್ಯಯನ ಬಂತು. ಆಮೇಲೆ ಬಂದ ಯಾವ ಪುರಾವೆಯೂ ಈ ಮಾತನ್ನು ಅಲುಗಿಸಿದಂತೆ ಕಾಣುವುದಿಲ್ಲ.

ಹಳೆಯ ಕೆಲಸ ಏಕೆ ಬಿಟ್ಟುಹೋಗುವುದಿಲ್ಲ

ಬೇಟೆಯ ಮನೆಯ ಲೆಕ್ಕವನ್ನು ಬಿಡಿಸಿ ನೋಡಬೇಕು. ತಂತಿಯ ಉರುಳಿಗೆ ಬಂಡವಾಳ ಎಂಬುದೇ ಇಲ್ಲ. ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಇಟ್ಟು ಬಂದರೆ ಅದು ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಪ್ರಾಣಿ ಬಿದ್ದ ದಿನ ಸಂಜೆಗೇ ನಗದು, ಉಳಿದದ್ದು ಊಟಕ್ಕೆ. ಇದಕ್ಕೆ ಪರ್ಯಾಯವಾಗಿ ಜೇನು ಸಾಕಣೆ ಬಂತು ಎಂದಿಟ್ಟುಕೊಳ್ಳಿ. ಪೆಟ್ಟಿಗೆ ಇಟ್ಟ ಕೂಡಲೇ ಹುಳ ಬಂದು ಕೂರುವುದಿಲ್ಲ. ಮೊದಲ ವರ್ಷ ಹಲವು ಪೆಟ್ಟಿಗೆ ಖಾಲಿಯೇ ಇರಬಹುದು. ಕೂತರೂ ತುಪ್ಪ ಸಿಗುವುದು ವರ್ಷಕ್ಕೆ ಒಂದೆರಡು ಬಾರಿ, ಹೂವಿನ ಹಂಗಾಮು ಮುಗಿದ ಮೇಲೆ. ಹುಳಗಳು ಮೇಣದ ಮುಚ್ಚಳ ಹಾಕದ ಎರಿಯನ್ನು ಆತುರದಲ್ಲಿ ತೆಗೆದರೆ ತುಪ್ಪದಲ್ಲಿ ನೀರಿನಂಶ ಹೆಚ್ಚಿರುತ್ತದೆ. ಆಹಾರದ ಗುಣಮಟ್ಟಕ್ಕಿರುವ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಲ್ಲಿ ನೀರಿನಂಶದ ಮಿತಿ ಶೇ 20. ಅದನ್ನು ಮೀರಿದ ತುಪ್ಪ ಹುಳಿಯುತ್ತದೆ, ದೊಡ್ಡ ಖರೀದಿದಾರ ಡಬ್ಬವನ್ನು ವಾಪಸು ಕಳಿಸುತ್ತಾನೆ. ಎರಿಯ ಮುಕ್ಕಾಲು ಭಾಗವಾದರೂ ಮುಚ್ಚಿದ ಮೇಲೆ ಕೊಯ್ಯಬೇಕು, ನೀರಿನಂಶ ತೋರಿಸುವ ವಕ್ರೀಭವನಮಾಪಕದಲ್ಲಿ ಒಂದು ಹನಿ ಇಟ್ಟು ನೋಡಬೇಕು ಎಂಬ ಸಣ್ಣ ಪಾಠ ತಪ್ಪಿಹೋದ ಊರಿನಲ್ಲಿ ಒಂದು ವರ್ಷದ ದುಡಿಮೆಯೇ ಹುಳಿತು ಹೋಗುತ್ತದೆ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಜೇನಿಗೆ ವರ್ಷದಲ್ಲಿ ಬೇಕಾಗುವ ಕೆಲಸದ ದಿನಗಳು ಕೆಲವೇ. ಉಳಿದ ದಿನಗಳಲ್ಲಿ ಉರುಳು ಇಡಲು ಅಡ್ಡಿಯೇನೂ ಇಲ್ಲ. ಮಗುವಿಗೆ ಜ್ವರ ಬಂದ ರಾತ್ರಿ ಬೇಕಾಗುವ ಹಣವನ್ನು ಜೇನು ಕೊಡಲಾರದು. ವರ್ಷದ ಕೊನೆಗೆ ಜೇನಿನ ಹಣ ಬೇಟೆಯ ಹಣಕ್ಕೆ ಸಮನಾದರೂ, ಅದು ಕೈಗೆ ಸಿಗುವ ಹೊತ್ತು ಬೇರೆಯಾದ್ದರಿಂದ ಕುಟುಂಬ ಎರಡನ್ನೂ ಉಳಿಸಿಕೊಳ್ಳುತ್ತದೆ. ಕೈಯಲ್ಲಿ ಉಳಿತಾಯವಿಲ್ಲದ ಮನೆ ಆದಾಯದ ಮೂಲಗಳನ್ನು ಕೂಡಿಸಿಕೊಳ್ಳುತ್ತಲೇ ಹೋಗುತ್ತದೆ, ಸುಮ್ಮನೆ ಒಂದನ್ನು ಕಳೆಯುವುದಿಲ್ಲ. ಅದು ಆ ಮನೆಯ ವಿವೇಕ. ಯೋಜನೆ ಬರೆಯುವವರು ಇದನ್ನು ದುರಾಸೆ ಎಂದು ಓದಿಕೊಂಡಾಗ ತಪ್ಪು ಶುರುವಾಗುತ್ತದೆ.

ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾದ ಕಡಲಕಳೆ ಕೃಷಿ ಇನ್ನೊಂದು ಪಾಠ. ಹಗ್ಗಕ್ಕೆ ಸಸಿಯ ತುಂಡು ಕಟ್ಟಿ ಆಳವಿಲ್ಲದ ನೀರಿನಲ್ಲಿ ಬಿಟ್ಟರೆ ಆರೇಳು ವಾರದಲ್ಲಿ ಕೊಯ್ಲು. ಬಂಡವಾಳ ಕಡಿಮೆ, ಹಣ ಬೇಗ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಪರ್ಯಾಯ ಸಿಗುವುದು ಕಷ್ಟ. ಆದರೆ ತುಂಡು ಕಟ್ಟುವುದು, ಒಣಗಿಸುವುದು ಮುಂತಾದ ಕೆಲಸಗಳಲ್ಲಿ ಹೆಂಗಸರು, ಮಕ್ಕಳ ಕೈ ದೊಡ್ಡದು. ಗಂಡಸರು ಎಂದಿನಂತೆ ದೋಣಿ ಹತ್ತಬಹುದು. ಮಧ್ಯ ಫಿಲಿಪ್ಪೀನ್ಸ್‌ನ ಡನಾಜಾನ್ ದಿಬ್ಬದ ಸುತ್ತ ನಡೆದ ಅಧ್ಯಯನದಲ್ಲಿ ಒಂದೊಂದು ಹಳ್ಳಿಯ ಕಥೆ ಒಂದೊಂದು ಬಗೆ: ಕೆಲವೆಡೆ ಮೀನುಗಾರರ ಸಂಖ್ಯೆ ಇಳಿದಿತ್ತು, ಕೆಲವೆಡೆ ಇಳಿದಿರಲಿಲ್ಲ. ಕಡಲಕಳೆಗೆ ರೋಗ ತಗುಲಿದಾಗ, ಬಿರುಗಾಳಿ ಹಗ್ಗ ಕಿತ್ತಾಗ, ದರ ಕುಸಿದಾಗ ಬಲೆ ಮತ್ತೆ ಹೊರಬರುತ್ತದೆ. ಲಾಭದ ಹಣ ಹೊಸ ಎಂಜಿನ್ನಿಗೆ, ಉದ್ದದ ಬಲೆಗೆ ಹೋಗುವ ಅಪಾಯವೂ ಇದ್ದೇ ಇದೆ.

ಇನ್ನೂ ಒಂದು ಅಡ್ಡಿ: ಒಬ್ಬ ಬಿಟ್ಟ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಸಂಪನ್ಮೂಲಕ್ಕೆ ಕಾವಲೂ ಒಡೆತನವೂ ಇಲ್ಲದಿದ್ದರೆ, ಹತ್ತು ಜನ ಬೇಟೆ ಬಿಟ್ಟಾಗ ಪ್ರಾಣಿ ಸಿಗುವುದು ಸುಲಭವಾಗಿ ಹನ್ನೊಂದನೆಯವನಿಗೆ ಆಸೆ ಹುಟ್ಟುತ್ತದೆ. ಅವನು ಪಕ್ಕದ ಊರಿನವನಾಗಿರಬಹುದು, ಹೊಸ ಉದ್ಯಮದ ಸುದ್ದಿ ಕೇಳಿ ವಲಸೆ ಬಂದವನೂ ಆಗಿರಬಹುದು.

ಎಲ್ಲರಿಗೂ ಸಿಗುವ ಲಾಭ ಯಾರನ್ನೂ ತಡೆಯುವುದಿಲ್ಲ

ಜಾಂಬಿಯಾದಲ್ಲಿ 1980ರ ದಶಕದ ಕೊನೆಗೆ ಶುರುವಾದ ಸಮುದಾಯ ಕಾರ್ಯಕ್ರಮಗಳಲ್ಲಿ ಸಫಾರಿ ಬೇಟೆಯ (ಪ್ರವಾಸಿಗರು ಶುಲ್ಕ ಕೊಟ್ಟು ಆಡುವ ಕಾನೂನುಬದ್ಧ ಬೇಟೆ) ಆದಾಯದ ಒಂದು ಪಾಲು ಹಳ್ಳಿಗಳಿಗೆ ಹೋಗುತ್ತಿತ್ತು. ಶಾಲೆ, ಚಿಕಿತ್ಸಾಲಯ ಎದ್ದವು, ಹಳ್ಳಿಯ ಕೆಲವು ಯುವಕರಿಗೆ ಕಾವಲುಗಾರರ ಕೆಲಸ ಸಿಕ್ಕಿತು. ಆದರೂ ಹಳ್ಳಿಗರ ಕಳ್ಳಬೇಟೆ ನಿಲ್ಲಲಿಲ್ಲ. ಶಾಲೆಗೆ ಬೇಟೆಗಾರನ ಮಗನೂ ಹೋಗುತ್ತಾನೆ, ಬೇಟೆಯಾಡದವನ ಮಗನೂ ಹೋಗುತ್ತಾನೆ. ಬೇಟೆ ಬಿಟ್ಟವನಿಗೆ ಪ್ರತ್ಯೇಕವಾಗಿ ಸಿಕ್ಕಿದ್ದೇನೂ ಇಲ್ಲ. ಕಾವಲು ಬಿಗಿಯಾದಾಗ ಆನೆಯಂಥ ದೊಡ್ಡ ಪ್ರಾಣಿಗಳ ಬೇಟೆ ಕಡಿಮೆಯಾಯಿತು. ಆದರೆ ಬೇಟೆಗಾರರು ಬಂದೂಕು ಬಿಟ್ಟು ಉರುಳಿಗೆ, ದೊಡ್ಡ ಪ್ರಾಣಿ ಬಿಟ್ಟು ಸಣ್ಣದಕ್ಕೆ ಹೊರಳಿದರು. ಆನೆಗಳನ್ನಷ್ಟೇ ಎಣಿಸಿದವರಿಗೆ ಯೋಜನೆ ಗೆದ್ದಂತೆ ಕಂಡಿತು.

ಅದೇ ದೇಶದ ಲುವಾಂಗ್ವಾ ಕಣಿವೆಯಲ್ಲಿ ಮುಂದೆ ಬಂದ ಕೊಮಾಕೊ ಎಂಬ ಸಂಸ್ಥೆ ಬೇರೆ ದಾರಿ ಹಿಡಿಯಿತು. ಬೇಟೆಗಾರ ತನ್ನ ಬಂದೂಕು, ಉರುಳುಗಳನ್ನು ಒಪ್ಪಿಸಬೇಕು. ಬದಲಿಗೆ ಅವನಿಗೆ ಕೃಷಿ ತರಬೇತಿ. ನಿಯಮ ಪಾಲಿಸುವ ರೈತರ ಬೆಳೆಗೆ ಮಾರುಕಟ್ಟೆಗಿಂತ ಮೇಲಿನ ದರ. ಹಸಿವಿನ ತಿಂಗಳುಗಳಲ್ಲಿ ಬೇಟೆ ಹೆಚ್ಚುತ್ತದೆ ಎಂದು ಗುರುತಿಸಿ ಮೊದಲು ಮನೆಯ ಕಾಳಿನ ಕೊರತೆ ನೀಗಿಸುವತ್ತ ಗಮನ ಕೊಟ್ಟದ್ದು ಇಲ್ಲಿನ ಜಾಣ್ಮೆ. ಹಾನಿ ಯಾವ ತಿಂಗಳಲ್ಲಿ ಆಗುತ್ತದೋ ಆ ತಿಂಗಳಿಗೆ ಪರಿಹಾರ ಹೊಂದಬೇಕು.

ಕೊಂಡಿ ಕಟ್ಟಿದ ಕಡೆ

ಮಂಗೋಲಿಯಾದ ಹಿಮಚಿರತೆ ನಾಡಿನಲ್ಲಿ 1998ರಿಂದ ನಡೆಯುತ್ತಿರುವ ಉಣ್ಣೆ ಉದ್ಯಮವನ್ನು ಸೂಕ್ಷ್ಮವಾಗಿ ನೋಡಬೇಕು. ಕುರಿ, ಒಂಟೆ ಸಾಕುವ ಮನೆಗಳ ಹೆಂಗಸರು ಉಣ್ಣೆಯ ವಸ್ತುಗಳನ್ನು ಮಾಡುತ್ತಾರೆ, ಉದ್ಯಮ ಅವನ್ನು ಕೊಂಡು ಹೊರಗೆ ಮಾರುತ್ತದೆ. ಅಷ್ಟೇ ಆಗಿದ್ದರೆ ಇದೂ ಒಂದು ಕರಕುಶಲ ಕೇಂದ್ರ. ಆದರೆ ಪ್ರತಿ ಸಮುದಾಯ ಹಿಮಚಿರತೆಯನ್ನಾಗಲಿ ಅದು ತಿನ್ನುವ ಕಾಡುಮೇಕೆ, ಕಾಡುಕುರಿಗಳನ್ನಾಗಲಿ ಅಕ್ರಮವಾಗಿ ಕೊಲ್ಲುವುದಿಲ್ಲವೆಂದು ಕರಾರಿಗೆ ಸಹಿ ಹಾಕಿರುತ್ತದೆ. ವರ್ಷವಿಡೀ ಕರಾರು ಉಳಿದರೆ ಮಾರಾಟದ ಹಣದ ಮೇಲೆ ಶೇ 20 ಬೋನಸ್. ಸಮುದಾಯದ ಯಾರೊಬ್ಬರು ಮುರಿದರೂ ಎಲ್ಲರ ಬೋನಸ್ಸೂ ಹೋಗುತ್ತದೆ.

ಈ ಒಂದು ವಾಕ್ಯದ ಕರಾರಿನಲ್ಲಿ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಆದಾಯ ಪ್ರಾಣಿಯ ಉಳಿವಿಗೆ ಅಂಟಿಕೊಳ್ಳುತ್ತದೆ. ಕೊಲ್ಲುವ ಗಂಡಸು ಮತ್ತು ದುಡಿಯುವ ಹೆಂಗಸು ಬೇರೆಬೇರೆ ಆಗಿದ್ದರೂ ನಷ್ಟ ಒಂದೇ ಮನೆಯ ಒಲೆಗೆ ತಟ್ಟುತ್ತದೆ. ಕಾವಲಿನ ಹೊಣೆ ನೆರೆಹೊರೆಗೆ ಹೋಗುತ್ತದೆ, ಏಕೆಂದರೆ ಪಕ್ಕದ ಗುಡಾರದವನ ಗುಂಡಿನ ಬೆಲೆ ತಾನು ತೆರಬೇಕಾಗುತ್ತದೆ. ಮೂಲ ದರವನ್ನು ಮುಟ್ಟದೆ ಬೋನಸ್ಸನ್ನು ಮಾತ್ರ ಪಣಕ್ಕಿಟ್ಟಿರುವುದು ಕೂಡ ಮುಖ್ಯ. ಎಲ್ಲವನ್ನೂ ಕಿತ್ತುಕೊಂಡರೆ ತಪ್ಪು ಮಾಡದವರು ಯೋಜನೆಯಿಂದಲೇ ದೂರ ಸರಿಯುತ್ತಾರೆ, ಮುಂದಿನ ವರ್ಷ ಮಾತುಕತೆಗೆ ಯಾರೂ ಉಳಿದಿರುವುದಿಲ್ಲ.

ಅಮೆಜಾನಿನ ಪಿರರುಕು ಮೀನಿನ ಕಥೆಯಲ್ಲಿ ಕಸುಬು ಬದಲಾಗಲೇ ಇಲ್ಲ, ಇದ್ದ ಕಸುಬಿಗೇ ನಿಯಮ ಬಂತು. ಎರಡು ಮೀಟರ್ ಮೀರಿ ಬೆಳೆಯುವ ಈ ಮೀನು ಗಾಳಿ ನುಂಗಲು ಸುಮಾರು 15–20 ನಿಮಿಷಕ್ಕೊಮ್ಮೆ ಮೇಲೆ ಬರುತ್ತದೆ. ಬ್ರೆಜಿಲ್‌ನ ಮಾಮಿರಾವಾದಲ್ಲಿ 1999ರಿಂದ ಮೀನುಗಾರರೇ ಎಣಿಕೆ ಮಾಡುತ್ತಾರೆ: ಕೆರೆಯನ್ನು ಸಣ್ಣ ತುಂಡುಗಳಾಗಿ ಮನಸ್ಸಿನಲ್ಲೇ ಹಂಚಿಕೊಂಡು, ಒಂದೊಂದು ತುಂಡಿನಲ್ಲಿ 20 ನಿಮಿಷ ಕೂತು, ಮೇಲೆ ಬಂದ ಮೀನನ್ನು ಒಂದರಿಂದ ಒಂದೂವರೆ ಮೀಟರಿನ ಮರಿ, ಒಂದೂವರೆ ಮೀರಿದ ದೊಡ್ಡದು ಎಂದು ಬರೆದುಕೊಳ್ಳುತ್ತಾರೆ. ಬೆನ್ನು ಮಾತ್ರ ಕ್ಷಣಕಾಲ ಕಾಣುವುದರಿಂದ ಇದಕ್ಕೆ ಅನುಭವಿಯ ಕಣ್ಣು, ಕಿವಿ ಬೇಕು. ದೊಡ್ಡವುಗಳಲ್ಲಿ ಹೆಚ್ಚೆಂದರೆ ಶೇ 30ರಷ್ಟನ್ನು ಮುಂದಿನ ವರ್ಷ ಹಿಡಿಯಬಹುದು. ಒಂದೂವರೆ ಮೀಟರಿಗಿಂತ ಚಿಕ್ಕದನ್ನು ಮುಟ್ಟುವಂತಿಲ್ಲ. ಡಿಸೆಂಬರ್‌ನಿಂದ ಮೇ ಕೊನೆಯವರೆಗೆ ಮೀನುಗಾರಿಕೆ ಬಂದ್. ಎಣಿಕೆಯಲ್ಲಿ ಮೀನು ಹೆಚ್ಚಾದರೆ ಪಾಲೂ ಹೆಚ್ಚುತ್ತದೆ. ಮೀನಿನ ಸಂಖ್ಯೆ ಹಲವು ಪಟ್ಟು ಏರಿತು. ಹೊರಗಿನಿಂದ ಕದಿಯಲು ಬರುವವರನ್ನು ತಡೆಯಲು ಸಮುದಾಯ ರಾತ್ರಿ ಪಹರೆ ಕೂರುತ್ತದೆ. ಈ ವ್ಯವಸ್ಥೆಯ ಅತಿ ದುಬಾರಿ ಭಾಗವೂ ಇದೇ.

ನೇರವಾಗಿ ಹಣ ಕೊಡುವ ದಾರಿಯೂ ಇದೆ. ಉಗಾಂಡಾದ 121 ಹಳ್ಳಿಗಳಲ್ಲಿ ಚೀಟಿ ಎತ್ತಿದಂತೆ ಕೆಲವು ಹಳ್ಳಿಗಳನ್ನು ಆರಿಸಿ, ಮರ ಕಡಿಯದ ಖಾಸಗಿ ಕಾಡಿನ ಒಡೆಯರಿಗೆ ಹೆಕ್ಟೇರಿಗೆ ವರ್ಷಕ್ಕೆ 28 ಡಾಲರ್ ಕೊಡಲಾಯಿತು. ಎರಡು ವರ್ಷದಲ್ಲಿ ಹಣ ಸಿಕ್ಕ ಹಳ್ಳಿಗಳ ಮರದ ಹೊದಿಕೆ ಶೇ 4.2, ಸಿಗದ ಹಳ್ಳಿಗಳದು ಶೇ 9.1 ಇಳಿಯಿತು. 2017ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕಿರುವ ತೂಕ ಬರುವುದು ಹೋಲಿಕೆಯ ಹಳ್ಳಿಗಳಿಂದ. ಅವು ಇಲ್ಲದಿದ್ದರೆ ಹಣ ಪಡೆದೂ ಕಾಡು ಇಳಿಯಿತು, ಯೋಜನೆ ಸೋತಿತು ಎಂದು ಬರೆದುಬಿಡುತ್ತಿದ್ದರು.

ಸುಮ್ಮನೆ ಹಣ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಊರಿನ ಸ್ಥಿತಿಯನ್ನು ಅವಲಂಬಿಸಿದೆ. ಮೆಕ್ಸಿಕೊದ ಬಡವರ ನೆರವಿನ ಕಾರ್ಯಕ್ರಮದಿಂದ ಅರಣ್ಯನಾಶ ಹೆಚ್ಚಾಯಿತು; ಕೈಯಲ್ಲಿ ಹಣ ಬಂದಾಗ ಹಾಲು, ದನದ ಮಾಂಸದಂಥ ಹೆಚ್ಚು ನೆಲ ಬೇಡುವ ಆಹಾರಕ್ಕೆ ಬೇಡಿಕೆ ಏರಿತು, ರಸ್ತೆ ಸರಿಯಿಲ್ಲದ ಊರುಗಳಲ್ಲಿ ಆ ನೆಲ ಸ್ಥಳೀಯ ಕಾಡಿನಿಂದಲೇ ಬಂತು. ಇಂಡೋನೇಷ್ಯಾದ ಅಂಥದೇ ಕಾರ್ಯಕ್ರಮದಲ್ಲಿ ಹಳ್ಳಿಗಳ ಅರಣ್ಯನಾಶ ಸುಮಾರು ಶೇ 30 ಕಡಿಮೆಯಾಯಿತು. ಅಲ್ಲಿ ಮಳೆ ತಡವಾದ ವರ್ಷಗಳಲ್ಲಿ ಹೊಸ ಹೊಲಕ್ಕಾಗಿ ಕಾಡು ಸವರುವ ಬದಲು ಜನ ಆ ಹಣದಿಂದ ಅಕ್ಕಿ ಕೊಂಡರು.

ಕಸುಬು ಬದಲಿಸುವುದೇ ಬೇಕಿಲ್ಲದ ಸಂದರ್ಭಗಳು

ಪಾಕಿಸ್ತಾನದ ಪರ್ವತ ಪ್ರದೇಶದಲ್ಲಿ ಹಿಮಚಿರತೆಗಿಂತ ರೋಗದಿಂದ ಸಾಯುವ ಜಾನುವಾರು ಹೆಚ್ಚು. ಅಲ್ಲಿ ಲಸಿಕೆ ಕೊಟ್ಟು, ಅದಕ್ಕೆ ಪ್ರತಿಯಾಗಿ ಚಿರತೆಯನ್ನು ಕೊಲ್ಲದಿರುವ ಒಪ್ಪಂದ ಮಾಡಿಕೊಂಡರು. ಇಂಡೋನೇಷ್ಯಾದ ಗುನುಂಗ್ ಪಾಲುಂಗ್ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಊರವರನ್ನೇ ಕೇಳಿದಾಗ, ಮರ ಕಡಿಯಲು ದೂಡುವುದು ಆಸ್ಪತ್ರೆ ಖರ್ಚು ಎಂಬ ಉತ್ತರ ಬಂತು. 2007ರಲ್ಲಿ ಚಿಕಿತ್ಸಾಲಯ ತೆರೆದು, ಮರ ಕಡಿಯುವುದನ್ನು ಬಿಟ್ಟ ಹಳ್ಳಿಗಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟರು, ಹಣವಿಲ್ಲದವರು ಸಸಿ, ಗೊಬ್ಬರ ಕೊಟ್ಟೂ ಚಿಕಿತ್ಸೆ ಪಡೆಯಬಹುದಿತ್ತು. ಹತ್ತು ವರ್ಷದಲ್ಲಿ ಅಲ್ಲಿನ ಅರಣ್ಯನಾಶ ಹೋಲಿಕೆಯ ಪ್ರದೇಶಗಳಿಗಿಂತ ಸುಮಾರು ಶೇ 70 ಕಡಿಮೆ. ಕೆಲವೊಮ್ಮೆ ಮೂಲ ಕಾರಣ ಊರಿನಿಂದ ಬಹಳ ದೂರದಲ್ಲಿರುತ್ತದೆ: ಘಾನಾದ 1970ರಿಂದ 1998ರವರೆಗಿನ ದಾಖಲೆಗಳಲ್ಲಿ ಕಡಲ ಮೀನು ಕಡಿಮೆ ಸಿಕ್ಕ ವರ್ಷಗಳಲ್ಲೇ ಕಾಡಿನ ಬೇಟೆ ಏರಿದೆ. ಅಂಥಲ್ಲಿ ಬೇಟೆಗಾರನಿಗೆ ಹೊಲಿಗೆ ಯಂತ್ರ ಕೊಟ್ಟು ಪ್ರಯೋಜನವಿಲ್ಲ.

ಹಕ್ಕಿಲ್ಲದೆ ಕಟ್ಟಿದ ಉದ್ಯಮ

ಬಯೋಡೈವರ್ಸಿಟಿ ಕನ್ಸರ್ವೇಶನ್ ನೆಟ್‌ವರ್ಕ್‌ನ ತಾಣಗಳಲ್ಲಿ ಕರ್ನಾಟಕದ ಬಿಳಿಗಿರಿರಂಗನ ಬೆಟ್ಟವೂ ಒಂದು. ಅಲ್ಲಿ ಸೋಲಿಗರು ನೆಲ್ಲಿಕಾಯಿ, ಜೇನು ಸಂಗ್ರಹಿಸಿ, ಸಂಸ್ಕರಿಸಿ ಮಾರುವ ಉದ್ಯಮ ರೂಪುಗೊಂಡಿತ್ತು, ಮರಗಳ ಫಸಲು ಅಂದಾಜಿಸುವ ಕೆಲಸದಲ್ಲಿ ಅವರೇ ಪಾಲುದಾರರಾಗಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಸಂಗ್ರಹಿಸುವುದೇ ನಿಂತಿತು. ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು 2011ರಲ್ಲಿ. ನೆಲ್ಲಿ ಮರಗಳನ್ನು ಬಂದಳಿಕೆ (ಮರಕ್ಕಂಟಿ ಬೆಳೆಯುವ ಪರಾವಲಂಬಿ ಗಿಡ) ಹಿಂಡುತ್ತಿದೆ, ತರಗು ಬೆಂಕಿ (ಒಣ ತರಗೆಲೆಗೆ ಹಚ್ಚುವ ಸಣ್ಣ ಬೆಂಕಿ) ಹಾಕುವುದನ್ನು ನಿಲ್ಲಿಸಿದ್ದು ಅದಕ್ಕೆ ಕಾರಣ ಎಂದು ಸೋಲಿಗರು ಹೇಳುತ್ತಾ ಬಂದಿದ್ದಾರೆ. ಕೊಯ್ಲಿನ ಮೇಲಷ್ಟೇ ಕಣ್ಣಿಟ್ಟ ಮೇಲ್ವಿಚಾರಣೆಗೆ ಈ ತಿಳಿವಳಿಕೆ ದಕ್ಕುವುದಿಲ್ಲ. ನಮೀಬಿಯಾದಲ್ಲಿ ಕ್ರಮ ತಿರುಗುಮುರುಗು: 1996ರ ಕಾನೂನು ಮೊದಲು ವನ್ಯಜೀವಿಗಳ ಮೇಲೆ ಸಮುದಾಯಗಳಿಗೆ ಹಕ್ಕು ಕೊಟ್ಟಿತು, ಪ್ರವಾಸೋದ್ಯಮ ಆಮೇಲೆ ಬೆಳೆಯಿತು. 2020ರ ಕೋವಿಡ್‌ನಲ್ಲಿ ಪ್ರವಾಸಿಗರು ನಿಂತಾಗ ಅಂಥ ಕಡೆಯೂ ಕಾವಲುಗಾರರ ಸಂಬಳಕ್ಕೆ ತುರ್ತು ನಿಧಿ ಹುಡುಕಬೇಕಾಯಿತು. ಒಂದೇ ಮೂಲವನ್ನು ನಂಬಿದರೆ ಬರುವ ಅಪಾಯ ಇದು.

ಯೋಜನೆ ಮಾಡುವವರು ಮೊದಲು ಮಾಡಬೇಕಾದದ್ದು

ತರಬೇತಿಗೂ ಮೊದಲು ಒಂದು ವರ್ಷದ ಪಟ್ಟಿ ಬೇಕು: ಹಾನಿ ಮಾಡುವವರು ಯಾರು, ಯಾವ ತಿಂಗಳಲ್ಲಿ, ಎಷ್ಟು ಹೊತ್ತು, ಯಾವ ಪ್ರಾಣಿ ಅಥವಾ ಮರ, ಊಟಕ್ಕೋ ಮಾರಾಟಕ್ಕೋ, ಮುಂಗಡ ಕೊಡುವ ದಲ್ಲಾಳಿ ಇದ್ದಾನೆಯೇ. ದಲ್ಲಾಳಿಯ ಸಾಲ ತೀರದೆ ಕಸುಬು ಬಿಡಲು ಆಗದವರು ಹಲವೆಡೆ ಇರುತ್ತಾರೆ. ಅವರಿಗೆ ತರಬೇತಿಗಿಂತ ಸಾಲದ ವ್ಯವಸ್ಥೆ ಮೊದಲು. ಸಭೆಗೆ ಬರುವವರು ಸಾಮಾನ್ಯವಾಗಿ ನೆಲ, ಬಿಡುವು ಇರುವವರು. ಉರುಳು ಇಡುವವನು ಸಭೆಗೆ ಬರುವುದಿಲ್ಲ, ಫಲಾನುಭವಿಗಳ ಪಟ್ಟಿಯಲ್ಲೂ ಇರುವುದಿಲ್ಲ. ಹಾನಿ ಮಾಡುವವರಿಗೆ ಮಾತ್ರ ಕೊಟ್ಟರೆ, ತಪ್ಪು ಮಾಡಿದವರಿಗೆ ಬಹುಮಾನವೇ ಎಂಬ ನ್ಯಾಯವಾದ ಸಿಟ್ಟು ಏಳುತ್ತದೆ. ಮಂಗೋಲಿಯಾದ ಮಾದರಿಯಂತೆ ಇಡೀ ಸಮುದಾಯದ ಕರಾರು ಇದಕ್ಕೆ ತಕ್ಕಮಟ್ಟಿನ ಉತ್ತರ.

ನೀವು ಬೇಟೆಯಾಡುತ್ತೀರಾ ಎಂದು ನೇರವಾಗಿ ಕೇಳಿದರೆ ನಿಜ ಸಿಗುವುದಿಲ್ಲ. ಇದಕ್ಕೊಂದು ಉಪಾಯವಿದೆ. ಮನೆಗಳನ್ನು ಅದೃಷ್ಟಕ್ಕೆ ಬಿಟ್ಟಂತೆ ಎರಡು ಗುಂಪು ಮಾಡಿ. ಮೊದಲ ಗುಂಪಿಗೆ ಕೋಳಿ ಸಾಕಣೆ, ಕೂಲಿ, ತರಕಾರಿ ಬೆಳೆ, ಅಂಗಡಿ ಎಂಬ ನಾಲ್ಕು ಕೆಲಸಗಳ ಪಟ್ಟಿ ತೋರಿಸಿ, ಕಳೆದ ವರ್ಷ ಇವುಗಳಲ್ಲಿ ಎಷ್ಟು ಮಾಡಿದಿರಿ ಎಂದು ಸಂಖ್ಯೆ ಮಾತ್ರ ಕೇಳಿ. ಎರಡನೆಯ ಗುಂಪಿನ ಪಟ್ಟಿಗೆ ಉರುಳು ಇಡುವುದನ್ನು ಐದನೆಯದಾಗಿ ಸೇರಿಸಿ. ಮೊದಲ ಗುಂಪಿನ ಸರಾಸರಿ 2.10, ಎರಡನೆಯದರದು 2.35 ಬಂದರೆ ಸುಮಾರು ಶೇ 25 ಮನೆಗಳು ಉರುಳು ಇಡುತ್ತಿವೆ. ಯಾರು ಎಂಬುದು ಕೇಳಿದವನಿಗೂ ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿ ಬಹಳ ಅಪರೂಪದ ಒಂದು ಕೆಲಸ ಇರಲೇಬೇಕು. ಇಲ್ಲವಾದರೆ ಐದೂ ಎಂದವನ ಗುಟ್ಟು ಬಯಲಾಗುತ್ತದೆ. ಗುಂಪಿಗೆ 300 ಮನೆ ಇದ್ದರೂ, ಉತ್ತರಗಳು ಸರಾಸರಿಯಿಂದ ಒಂದರಷ್ಟು ಆಚೀಚೆ ಹರಡಿದ್ದರೆ, ಈ ಅಂದಾಜಿನಲ್ಲಿ ಸುಮಾರು 16 ಶೇಕಡಾಂಶ ಹೆಚ್ಚುಕಡಿಮೆ ಇರುತ್ತದೆ. ಶೇ 25ರಿಂದ 15ಕ್ಕೆ ಇಳಿಯಿತು ಎಂದು ಇದೊಂದರಿಂದಲೇ ಹೇಳಲು ಬರುವುದಿಲ್ಲ.

ಆದ್ದರಿಂದ ಕಾಡಿನ ಅಳತೆಯೂ ಜೊತೆಗಿರಬೇಕು. ಸಿಕ್ಕ ಉರುಳುಗಳ ಒಟ್ಟು ಸಂಖ್ಯೆ ದಾರಿ ತಪ್ಪಿಸುತ್ತದೆ. ಹೆಚ್ಚು ನಡೆದ ತಿಂಗಳು ಹೆಚ್ಚು ಸಿಗುತ್ತವೆ. ನಡೆದ ಪ್ರತಿ ಕಿಲೋಮೀಟರಿಗೆ ಎಷ್ಟು ಎಂದು, ಒಂದೇ ಹಾದಿ, ಒಂದೇ ಹಂಗಾಮಿನಲ್ಲಿ ಬರೆಯಬೇಕು. ಯೋಜನೆ ಇಲ್ಲದ, ಉಳಿದಂತೆ ಹೋಲುವ ಊರುಗಳಲ್ಲಿ ಅದೇ ಅಳತೆ ಅದೇ ದಿನಗಳಲ್ಲಿ ನಡೆಯಬೇಕು. ಯೋಜನೆಯೂರಿನ ಬೇಟೆ ಪಕ್ಕದ ಕಾಡಿಗೆ ಸರಿದಿದೆಯೇ ಎಂದು ನೋಡಲು ಗಡಿಯಾಚೆಗೂ ಒಂದು ಹಾದಿ ಬೇಕು. ಹಣದ ಅವಧಿ ಮುಗಿದ ಎರಡು ವರ್ಷದ ಮೇಲೆ ಮತ್ತೊಮ್ಮೆ ಅಳೆಯುವ ಖರ್ಚನ್ನು ಮೊದಲ ದಿನದ ಅಂದಾಜುಪಟ್ಟಿಯಲ್ಲೇ ತೆಗೆದಿಡಬೇಕು. ಕೊನೆಯಲ್ಲಿ ಅದಕ್ಕೆ ಹಣ ಉಳಿದಿರುವುದಿಲ್ಲ.